ಕೊಲೊನೋಸ್ಕೋಪಿಗೆ ಹೋಗುವ ಮುನ್ನ ತಿಳಿದಿರಬೇಕಾದ್ದು

(ರೋಗಿಗಳಿಗೂ ಅವರ ಮನೆಯವರಿಗೂ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಯಲ್ಲಿ ಸೇರಿಸಿದೆ.)

ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆ, ಎಂದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ ನೋವಿನದು. ಎರಡನೆಯದು ಸಂಕೋಚದ್ದು, ಅದನ್ನು ಬಾಯಿಬಿಟ್ಟು ಕೇಳುವವರು ಕಡಿಮೆ. ಎರಡಕ್ಕೂ ಮುಂದೆ ಬರೋಣ. ಪರೀಕ್ಷೆ ಮಾಡುವವರ ಚಿಂತೆ ಬೇರೆಯೇ ಇರುತ್ತದೆ: ಕರುಳು ಶುಚಿಯಾಗಿದೆಯೋ ಇಲ್ಲವೋ. ಅದೊಂದು ಸರಿಯಿಲ್ಲದಿದ್ದರೆ ಎಷ್ಟೇ ಒಳ್ಳೆಯ ಯಂತ್ರವಿರಲಿ, ಎಷ್ಟೇ ನುರಿತ ಕೈ ಇರಲಿ, ಕಾಣಬೇಕಾದ್ದು ಕಾಣುವುದಿಲ್ಲ. ಆ ಶುಚಿಯ ಕೆಲಸ ನಡೆಯುವುದು ನಿಮ್ಮ ಮನೆಯಲ್ಲಿ, ಹಿಂದಿನ ಸಂಜೆ ಮತ್ತು ಅಂದಿನ ಬೆಳಗಿನ ಜಾವ. ಹಾಗಾಗಿ ಈ ಮಾತಿನ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ.

ಮೊದಲು ಉಪಕರಣದ ಬಗ್ಗೆ ಎರಡು ಮಾತು. ಕೊಲೊನೋಸ್ಕೋಪ್ ಎಂಬುದು ಬೆರಳು ದಪ್ಪದ, ಬಾಗುವ ಕೊಳವೆ. ಅಡ್ಡಳತೆ ಸುಮಾರು 11ರಿಂದ 13 ಮಿಲಿಮೀಟರ್, ಉದ್ದ ಒಂದೂವರೆ ಮೀಟರಿನ ಆಸುಪಾಸು. ತುದಿಯಲ್ಲಿ ಪುಟ್ಟ ಕ್ಯಾಮೆರಾ ಮತ್ತು ಬೆಳಕು. ಒಳಗೆ ಗಾಳಿ ಮತ್ತು ನೀರು ಬಿಡಲು ಸಣ್ಣ ದಾರಿಗಳು, ಜೊತೆಗೆ ನಾಲ್ಕು ಮಿಲಿಮೀಟರಿಗಿಂತ ಕಿರಿದಾದ ಇನ್ನೊಂದು ದಾರಿ. ಒಳಗಿನ ದ್ರವ ಹೀರುವುದೂ ಅದರಲ್ಲೇ, ಪರೀಕ್ಷೆಗೆ ಚೂರು ತೆಗೆಯುವ ಬಯಾಪ್ಸಿ ಚಿಮಟ ಅಥವಾ ತಂತಿಯ ಕುಣಿಕೆ ಹೋಗುವುದೂ ಅದರಲ್ಲೇ. ಈ ದಾರಿಯ ಅಳತೆ ನೆನಪಿಟ್ಟುಕೊಳ್ಳಿ. ಟೊಮೇಟೊ ಬೀಜ ಯಾಕೆ ಬೇಡ ಎನ್ನುವುದು ಆಮೇಲೆ ಇದರಿಂದಲೇ ಗೊತ್ತಾಗುತ್ತದೆ.

ಕೊಳವೆ ಗುದದ್ವಾರದಿಂದ ಒಳಹೋಗಿ, ಹೊಟ್ಟೆಯ ಎಡಬದಿಯಲ್ಲಿ ಮೇಲಕ್ಕೇರಿ, ಅಡ್ಡಲಾಗಿ ಬಲಕ್ಕೆ ದಾಟಿ, ಬಲಬದಿಯಲ್ಲಿ ಕೆಳಗಿಳಿದು, ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಸೀಕಮ್ ಎಂಬ ಚೀಲದಂಥ ಜಾಗದವರೆಗೆ ಹೋಗಬೇಕು. ಅಲ್ಲಿ ಅಪೆಂಡಿಕ್ಸಿನ ಬಾಯಿ ಕಾಣುತ್ತದೆ. ಅದರ ಫೋಟೊ ತೆಗೆದಿಡುವುದು ವಾಡಿಕೆ, ಕೊನೆಯವರೆಗೂ ಹೋಗಿದ್ದಕ್ಕೆ ಅದೇ ಸಾಕ್ಷಿ. ಹೋಗುವಾಗ ದಾರಿ ಹುಡುಕುವುದೇ ಮುಖ್ಯ ಕೆಲಸ. ನಿಜವಾದ ತಪಾಸಣೆ ಆಗುವುದು ಕೊಳವೆಯನ್ನು ನಿಧಾನವಾಗಿ ಹಿಂದಕ್ಕೆ ತೆಗೆಯುವಾಗ, ಒಂದೊಂದು ಮಡಿಕೆಯ ಹಿಂದೆಯೂ ಇಣುಕುತ್ತಾ.

ಬಲಭಾಗದ ತೊಂದರೆ

ಹಿಂದೆಲ್ಲ ಶುಚಿಗೊಳಿಸುವ ದ್ರಾವಣವನ್ನು ಪೂರ್ತಿಯಾಗಿ ಹಿಂದಿನ ರಾತ್ರಿಯೇ ಕುಡಿಸುತ್ತಿದ್ದರು. ಈಗ ಎರಡು ಪಾಲು ಮಾಡಿ, ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಯ ದಿನ ಕುಡಿಯಲು ಹೇಳುತ್ತಾರೆ. ಬೆಳಗಿನ ಜಾವ ನಾಲ್ಕೂವರೆಗೆ ಅಲಾರಂ ಇಟ್ಟು ಏಳುವುದು ಯಾರಿಗೂ ಇಷ್ಟವಿಲ್ಲ. "ರಾತ್ರಿಯೇ ಎಲ್ಲ ಮುಗಿಸಿ ನೆಮ್ಮದಿಯಾಗಿ ಮಲಗುತ್ತೇನೆ" ಎಂದುಕೊಳ್ಳುವವರು ಬಹಳ. ಪರೀಕ್ಷೆ ಹಾಳಾಗುವುದಕ್ಕೆ ಇದು ತೀರಾ ಸಾಮಾನ್ಯವಾದ ಕಾರಣಗಳಲ್ಲಿ ಒಂದು.

ನೀವು ಏನೂ ತಿನ್ನದಿದ್ದರೂ ಸಣ್ಣ ಕರುಳು ಸುಮ್ಮನಿರುವುದಿಲ್ಲ. ಪಿತ್ತರಸ, ಲೋಳೆ, ಜೀರ್ಣರಸ ಎಲ್ಲವೂ ರಾತ್ರಿಯಿಡೀ ಜಿನುಗಿ ದೊಡ್ಡ ಕರುಳಿನ ಬಲಭಾಗಕ್ಕೆ ಬಂದು ಬೀಳುತ್ತವೆ. ಕೊನೆಯ ಲೋಟ ಕುಡಿದು ಹತ್ತು ಹನ್ನೆರಡು ಗಂಟೆಯಾದರೆ ಬಲಭಾಗದ ಗೋಡೆಗೆ ಹಸಿರು ಹಳದಿ ಬಣ್ಣದ ಅಂಟು ಪದರ ಮೆತ್ತಿಕೊಂಡಿರುತ್ತದೆ. ನೀರು ಚಿಮ್ಮಿಸಿ ತೊಳೆದರೂ ಅದು ಪೂರ್ತಿ ಹೋಗುವುದಿಲ್ಲ. ಚಪ್ಪಟೆಯಾದ, ಸೆರೇಟೆಡ್ ಎಂದು ಕರೆಯುವ ಒಂದು ಜಾತಿಯ ಪಾಲಿಪ್, ಅಂದರೆ ಕರುಳಿನ ಒಳಗೋಡೆಯ ಮೇಲಿನ ಬೆಳವಣಿಗೆ, ಹೆಚ್ಚಾಗಿ ಕಾಣಿಸಿಕೊಳ್ಳುವುದು ಇದೇ ಬಲಭಾಗದಲ್ಲಿ. ಅದರ ಬಣ್ಣ ಸುತ್ತಲಿನ ಗೋಡೆಯ ಬಣ್ಣಕ್ಕೆ ಹತ್ತಿರ, ಅಂಚು ಅಸ್ಪಷ್ಟ, ಮೇಲೊಂದು ತೆಳ್ಳನೆಯ ಲೋಳೆಯ ಟೋಪಿ. ಶುಚಿಯಾದ ಕರುಳಿನಲ್ಲಿ ಆ ಟೋಪಿಯೇ ಗುರುತು ಹಿಡಿಯಲು ಸುಳಿವು. ಕೊಳೆ ಉಳಿದ ಕರುಳಿನಲ್ಲಿ ಅದು ಇನ್ನೊಂದು ಚೂರು ಕೊಳೆಯಂತೆ ಕಂಡು ಕಣ್ಣು ತಪ್ಪಿಸುತ್ತದೆ. ಎರಡನೆಯ ಪಾಲನ್ನು ಬೆಳಗ್ಗೆ ಕುಡಿಯುವುದು ಈ ಪದರವನ್ನು ತೊಳೆಯಲಿಕ್ಕೆ.

ಲೆಕ್ಕ ಹೀಗೆ: ಎರಡನೆಯ ಪಾಲನ್ನು ಪರೀಕ್ಷೆಗೆ 4ರಿಂದ 6 ಗಂಟೆ ಮೊದಲು ಶುರುಮಾಡಿ, ಕನಿಷ್ಠ 2 ಗಂಟೆ ಮೊದಲು ಮುಗಿಸಬೇಕು. ಪರೀಕ್ಷೆ ಬೆಳಗ್ಗೆ 10ಕ್ಕೆ ಎಂದಿಟ್ಟುಕೊಳ್ಳಿ. ಮೊದಲ ಪಾಲು ಹಿಂದಿನ ಸಂಜೆ 6 ಅಥವಾ 7ಕ್ಕೆ, ಎರಡನೆಯದು ಬೆಳಗ್ಗೆ 5ಕ್ಕೆ ಶುರು, 7ರೊಳಗೆ ಮುಕ್ತಾಯ. 8ರ ನಂತರ ನೀರೂ ಇಲ್ಲ. ಆ ಕೊನೆಯ 2 ಗಂಟೆ ಅರಿವಳಿಕೆಯ ಸುರಕ್ಷತೆಗಾಗಿ: ಹೊಟ್ಟೆಯಲ್ಲಿ ದ್ರವ ಉಳಿದಿದ್ದರೆ ಮಂಪರಿನಲ್ಲಿ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ನಿಮ್ಮ ಆಸ್ಪತ್ರೆ ಇದಕ್ಕಿಂತ ಹೆಚ್ಚು ಹೊತ್ತು ಬಿಡಲು ಹೇಳಿದ್ದರೆ ಅದನ್ನೇ ಪಾಲಿಸಿ. ಪರೀಕ್ಷೆ ಮಧ್ಯಾಹ್ನವಿದ್ದರೆ ಎರಡೂ ಪಾಲನ್ನು ಅದೇ ದಿನ ಬೆಳಗ್ಗೆ ಕುಡಿಯುವ ವ್ಯವಸ್ಥೆಯೂ ಇದೆ, ಕೇಳಿ ನೋಡಿ. ನಿದ್ದೆಗೆಡುವುದು ತಪ್ಪುತ್ತದೆ.

ಏನು ಕುಡಿಯುವುದು, ಹೇಗೆ ಕುಡಿಯುವುದು

ಹೆಚ್ಚು ಬಳಕೆಯಲ್ಲಿರುವುದು ಪಾಲಿಎಥಿಲೀನ್ ಗ್ಲೈಕಾಲ್, ಚಿಕ್ಕದಾಗಿ ಪೆಗ್. ಇದು ಕರುಳಿನಿಂದ ರಕ್ತಕ್ಕೆ ಹೀರಲ್ಪಡುವುದಿಲ್ಲ. ಬೆರೆಸಿದ ನೀರನ್ನೂ ಲವಣವನ್ನೂ ಹಿಡಿದಿಟ್ಟುಕೊಂಡು ಹಾಗೆಯೇ ಕೊನೆಯವರೆಗೆ ಹರಿದು ಹೋಗುತ್ತದೆ. ಮೈಯ ನೀರನ್ನು ಹೆಚ್ಚು ಎಳೆಯದ ಕಾರಣ ಹೃದಯ, ಮೂತ್ರಪಿಂಡದ ತೊಂದರೆ ಇರುವವರಿಗೆ ಸಾಮಾನ್ಯವಾಗಿ ಇದನ್ನೇ ಕೊಡುತ್ತಾರೆ. ಒಟ್ಟು ಪ್ರಮಾಣ ಕೆಲವು ತಯಾರಿಕೆಗಳಲ್ಲಿ 4 ಲೀಟರ್, ಕೆಲವಲ್ಲಿ 2 ಲೀಟರ್. ಎರಡು ಲೀಟರಿನದರಲ್ಲಿ ಬಹುತೇಕ ವಿಟಮಿನ್ ಸಿ ಸೇರಿರುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರು ಅದನ್ನು ಮೊದಲೇ ತಿಳಿಸಬೇಕು.

ಪೊಟ್ಟಣದ ಮೇಲೆ ಎಷ್ಟು ನೀರು ಎಂದಿದೆಯೋ ಅಷ್ಟೇ ಬೆರೆಸಿ. "ಅಷ್ಟೊಂದು ಕುಡಿಯಲಾರೆ" ಎಂದು ಅರ್ಧ ನೀರಿನಲ್ಲಿ ಕದಡಿದರೆ ದ್ರಾವಣ ಗಟ್ಟಿಯಾಗಿ ಮೈಯ ನೀರನ್ನು ಕರುಳಿಗೆ ಸೆಳೆಯತೊಡಗುತ್ತದೆ. ಆಮೇಲೆ ತಲೆಸುತ್ತು, ವಾಂತಿ. ಸಕ್ಕರೆ ಹಾಕಬೇಡಿ. ತಣ್ಣಗೆ ಮಾಡಿ ಕುಡಿದರೆ ರುಚಿ ತಡೆದುಕೊಳ್ಳಬಹುದು, ಆದ್ದರಿಂದ ಮಧ್ಯಾಹ್ನವೇ ಕದಡಿ ಫ್ರಿಜ್ಜಿನಲ್ಲಿಡಿ. ಸ್ಟ್ರಾ ಹಾಕಿ ನಾಲಗೆಯ ಹಿಂಭಾಗಕ್ಕೆ ಬೀಳುವಂತೆ ಕುಡಿಯಿರಿ, ಲೋಟಗಳ ನಡುವೆ ನಿಂಬೆಯ ಹೋಳನ್ನು ಚೀಪಿ. 250 ಮಿಲಿಲೀಟರಿನ ಒಂದು ಲೋಟ, 10ರಿಂದ 15 ನಿಮಿಷಕ್ಕೊಮ್ಮೆ. ಗುಟುಕು ಗುಟುಕಾಗಿ ಅರ್ಧ ಗಂಟೆ ಎಳೆಯುವುದಕ್ಕಿಂತ ಒಂದೇ ಸಲ ಲೋಟ ಖಾಲಿ ಮಾಡಿ ಮುಂದಿನದಕ್ಕೆ ಕಾಯುವುದು ಹಲವರಿಗೆ ಸುಲಭ. ವಾಕರಿಕೆ ಬಂದರೆ ಅರ್ಧ ಗಂಟೆ ಬಿಟ್ಟು, ಸ್ವಲ್ಪ ಅಡ್ಡಾಡಿ, ಮತ್ತೆ ನಿಧಾನವಾಗಿ ಮುಂದುವರಿಸಿ. ವಾಂತಿ ನಿಲ್ಲದೇ ಇದ್ದರೆ, ಹೊಟ್ಟೆ ಉಬ್ಬಿ ಬಿಗಿದು ತೀವ್ರ ನೋವು ಬಂದರೆ ಕುಡಿಯುವುದನ್ನು ನಿಲ್ಲಿಸಿ ಆಸ್ಪತ್ರೆಗೆ ಫೋನ್ ಮಾಡಿ. ಕರುಳಿನಲ್ಲಿ ಎಲ್ಲೋ ಅಡಚಣೆ ಇರಬಹುದು.

ಪಿಕೋಸಲ್ಫೇಟ್ ಮತ್ತು ಮೆಗ್ನೀಷಿಯಂ ಸೇರಿದ ಪುಡಿಯಲ್ಲಿ ಕುಡಿಯುವ ಔಷಧದ ಪ್ರಮಾಣ ಕಡಿಮೆ, ರುಚಿಯೂ ಪರವಾಗಿಲ್ಲ. ಆದರೆ ಜೊತೆಗೆ ಬೇರೆ ದ್ರವಗಳನ್ನು ಧಾರಾಳವಾಗಿ ಕುಡಿಯಬೇಕು. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ವಯಸ್ಸಾದವರಲ್ಲಿ, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಗಲಿಬಿಲಿ, ಕೆಲವೊಮ್ಮೆ ಫಿಟ್ಸ್‌ವರೆಗೂ ಹೋಗುತ್ತದೆ. ಓಆರ್‌ಎಸ್, ಸೋಸಿದ ಉಪ್ಪಿನ ಸೂಪ್ ಮುಂತಾದವನ್ನು ನಡುನಡುವೆ ಸೇರಿಸಿ. ಮೂತ್ರಪಿಂಡ ತೀವ್ರವಾಗಿ ದುರ್ಬಲವಾಗಿರುವವರಿಗೆ ಮೆಗ್ನೀಷಿಯಂ ಇರುವ ಔಷಧ ಸಲ್ಲದು. ಇನ್ನು ಸೋಡಿಯಂ ಫಾಸ್ಫೇಟ್: ಒಂದು ಕಾಲದಲ್ಲಿ ಸಣ್ಣ ಬಾಟಲಿಯ ಅನುಕೂಲಕ್ಕಾಗಿ ಬಹಳ ಓಡಿತ್ತು. ಮೂತ್ರಪಿಂಡದಲ್ಲಿ ಫಾಸ್ಫೇಟ್ ಹರಳು ಕಟ್ಟಿ ಶಾಶ್ವತ ಹಾನಿಯಾದ ಪ್ರಕರಣಗಳು ಬಂದ ಮೇಲೆ 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಟ್ಟುನಿಟ್ಟಿನ ಎಚ್ಚರಿಕೆ ಹೊರಡಿಸಿತು. ಯಾರೋ ಪರಿಚಿತರು ಹಿಂದೆ ಕುಡಿದಿದ್ದರೆಂದು ನೀವೇ ಅಂಗಡಿಯಿಂದ ತಂದು ಕುಡಿಯುವ ವಸ್ತು ಅದಲ್ಲ. ಮ್ಯಾನಿಟಾಲ್ ಎಂಬ ಇನ್ನೊಂದು ಬೇಧಿ ಔಷಧದ ವಿಷಯದಲ್ಲೂ ಇದೇ ಮಾತು: ಅದನ್ನು ಕರುಳಿನ ಬ್ಯಾಕ್ಟೀರಿಯಾ ಹುದುಗಿಸಿದಾಗ ಹೈಡ್ರೋಜನ್ ಹುಟ್ಟುತ್ತದೆ, ಪಾಲಿಪ್ ತೆಗೆಯುವ ವಿದ್ಯುತ್ ಕಿಡಿ ತಾಗಿದರೆ ಕರುಳಿನೊಳಗೇ ಸ್ಫೋಟವಾಗಬಹುದು. ಅಪರೂಪ, ಆದರೆ ನಿಜವಾಗಿ ನಡೆದದ್ದು.

ನುಂಗಲು ತೊಂದರೆ ಇರುವ ಹಿರಿಯರಿಗೆ ನೀರು ಮಂದವಾಗಿಸುವ ಪುಡಿ ಬೆರೆಸುವ ಅಭ್ಯಾಸವಿದ್ದರೆ ಒಂದು ಎಚ್ಚರಿಕೆ: ಪಿಷ್ಟದ ಪುಡಿಯನ್ನು ಪೆಗ್ ದ್ರಾವಣಕ್ಕೆ ಹಾಕಿದರೆ ಮಂದವಾಗುವ ಬದಲು ನೀರಿನಂತೆ ತೆಳುವಾಗುತ್ತದೆ, ಉಸಿರುನಾಳಕ್ಕೆ ಹೋಗುತ್ತದೆ. ಇಂಥವರ ತಯಾರಿ ಆಸ್ಪತ್ರೆಯಲ್ಲೇ ಆಗುವುದು ಮೇಲು.

ಊಟದ ನಿಯಮ ಜನ ಅಂದುಕೊಂಡಷ್ಟು ಕಠಿಣವಲ್ಲ. ನಾರು, ಬೀಜ, ಸಿಪ್ಪೆ ಬೇಡ, ಅಷ್ಟೇ. ಎಷ್ಟು ದಿನ ಎನ್ನುವುದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ಮಲಬದ್ಧತೆ ಇಲ್ಲದವರಿಗೆ ಹಿಂದಿನ ಒಂದು ದಿನ ಸಾಕು ಎಂಬ ಕಡೆಗೆ ಈಚಿನ ಮಾರ್ಗಸೂಚಿಗಳು ವಾಲಿವೆ, ಹಲವು ಕಡೆ 2ರಿಂದ 3 ದಿನ ಹೇಳುತ್ತಾರೆ. ಬಿಳಿ ಅನ್ನ, ಬಿಳಿ ಬ್ರೆಡ್, ಮೊಟ್ಟೆ, ಮೀನು, ಮೊಸರು, ಸಿಪ್ಪೆ ತೆಗೆದು ಬೇಯಿಸಿದ ಆಲೂಗೆಡ್ಡೆ ನಡೆಯುತ್ತದೆ. ಸೊಪ್ಪು, ಕಾಳು, ಇಡೀ ಧಾನ್ಯ, ಜೋಳದ ಕಾಳು, ಎಳ್ಳು, ಟೊಮೇಟೊ, ಬೀಜವಿರುವ ಹಣ್ಣು ಬೇಡ. ಬೀಜಗಳು ದಿನಗಟ್ಟಲೆ ಕರುಳಿನ ಮಡಿಕೆಯಲ್ಲಿ ಕೂತಿರುತ್ತವೆ. ಹೀರಿದರೆ ಆ ಕಿರಿದಾದ ದಾರಿಗೆ ಸಿಕ್ಕಿಕೊಂಡು ಹೀರುವಿಕೆಯೇ ನಿಲ್ಲುತ್ತದೆ. ಪರೀಕ್ಷೆಯ ನಡುವೆ ಕೊಳವೆಯ ದಾರಿ ಬಿಡಿಸುತ್ತಾ ಕೂರುವುದು ಯಾರಿಗೂ ಬೇಡ. ಮೊದಲ ಪಾಲು ಕುಡಿಯಲು ಶುರುಮಾಡಿದ ಮೇಲೆ ಗಟ್ಟಿ ಆಹಾರ ಪೂರ್ತಿ ಬಂದ್, ತಿಳಿ ದ್ರವ ಮಾತ್ರ. ತಿಳಿ ಎಂದರೆ ಲೋಟದ ಆಚೆಯಿಟ್ಟ ಅಕ್ಷರ ಓದಲು ಬರುವಷ್ಟು: ನೀರು, ಸೋಸಿದ ಸೇಬಿನ ರಸ, ಹಾಲಿಲ್ಲದ ಚಹಾ, ಸೋಸಿದ ಸೂಪ್. ಕೆಂಪು ಮತ್ತು ನೇರಳೆ ಬಣ್ಣದ ಪಾನೀಯ ಬೇಡ, ಒಳಗೆ ರಕ್ತದಂತೆ ಕಾಣುತ್ತದೆ. ಕಬ್ಬಿಣದ ಮಾತ್ರೆಯನ್ನು 5ರಿಂದ 7 ದಿನ ಮೊದಲೇ ನಿಲ್ಲಿಸಿ. ಅದು ಮಲವನ್ನು ಕಪ್ಪಗೆ, ಜಿಗುಟಾಗಿ ಮಾಡುತ್ತದೆ, ತೊಳೆದರೂ ಬಿಡುವುದಿಲ್ಲ. ಇಸಬ್ಗೋಲಿನಂಥ ನಾರಿನ ಪುಡಿಯೂ ಅದೇ ಹೊತ್ತಿಗೆ ನಿಲ್ಲಲಿ.

ಮೊದಲ ಪಾಲು ಶುರುಮಾಡಿ ಒಂದೆರಡು ಗಂಟೆಯಲ್ಲಿ ಬೇಧಿ ಆರಂಭ. ತೊಟ್ಟಿರುವ ಬಟ್ಟೆ ಸಡಿಲವಾಗಿರಲಿ, ಶೌಚಾಲಯ ಹತ್ತಿರದಲ್ಲಿರಲಿ. ಹತ್ತು ಹದಿನೈದು ಸಲ ಹೋದ ಮೇಲೆ ಚರ್ಮ ಉರಿಯುತ್ತದೆ. ಅದಕ್ಕೆ ಮುಂಚೆಯೇ ಗುದದ ಸುತ್ತ ವ್ಯಾಸಲೀನ್ ಸವರಿಕೊಂಡು, ಒರೆಸುವಾಗ ಉಜ್ಜದೆ ಒದ್ದೆ ಬಟ್ಟೆ ಒತ್ತಿಕೊಳ್ಳಿ. ತಲೆಸುತ್ತುವ ವಯಸ್ಸಾದವರ ಜೊತೆ ರಾತ್ರಿ ಯಾರಾದರೂ ಇರಬೇಕು. ತಯಾರಿಯ ರಾತ್ರಿ ಶೌಚಾಲಯಕ್ಕೆ ಓಡುವಾಗ ಜಾರಿ ಬಿದ್ದರೆ ಬೇಡದ ಇನ್ನೊಂದು ತಾಪತ್ರಯ.

ತಯಾರಿ ಸರಿಯಾಯಿತೇ ಎಂದು ತಿಳಿಯುವುದು ಹೋದ ಸಲದ ಎಣಿಕೆಯಿಂದಲ್ಲ, ಬಣ್ಣದಿಂದ. ಕೊನೆಗೆ ಹೋಗುವುದು ಮೂತ್ರದಂತೆ ತಿಳಿ ಹಳದಿಯಾಗಿರಬೇಕು, ತಳ ಕಾಣಬೇಕು. ಒಂದೆರಡು ಎಳೆ ಇದ್ದರೆ ಚಿಂತೆಯಿಲ್ಲ. ಎರಡನೆಯ ಪಾಲು ಮುಗಿಸಿದ ಮೇಲೂ ಕಂದು ಬಣ್ಣದ, ಮಸುಕಾದ ದ್ರವ ಹೋಗುತ್ತಿದ್ದರೆ ಮುಚ್ಚಿಡದೆ ಹೊರಡುವ ಮೊದಲೇ ಫೋನ್ ಮಾಡಿ. ಇನ್ನಷ್ಟು ದ್ರಾವಣ ಕೊಡುವುದೋ, ಎನಿಮಾ ಕೊಡುವುದೋ, ಸಮಯ ಮುಂದೂಡುವುದೋ, ದಾರಿಗಳಿವೆ. ಹಳೆಯ ಮಲಬದ್ಧತೆ, ಮಧುಮೇಹ, ಪಾರ್ಕಿನ್ಸನ್, ಪಾರ್ಶ್ವವಾಯು, ಓಪಿಯಾಯ್ಡ್ ನೋವಿನ ಮಾತ್ರೆ, ಹಿಂದೊಮ್ಮೆ ತಯಾರಿ ವಿಫಲವಾದದ್ದು, ಇವುಗಳಲ್ಲಿ ಯಾವುದಿದ್ದರೂ ದಿನಾಂಕ ಕೊಡುವಾಗಲೇ ಹೇಳಿ. ಇಂಥವರಿಗೆ ಮಾಮೂಲಿ ಚೀಟಿ ಸಾಲುವುದಿಲ್ಲ.

ಮಾತ್ರೆಗಳ ಪಟ್ಟಿ

ತಯಾರಿ ಕೆಟ್ಟರೆ ಪರೀಕ್ಷೆ ಹಾಳಾಗುತ್ತದೆ. ಮಾತ್ರೆಯಲ್ಲಿ ಎಡವಟ್ಟಾದರೆ ಜೀವಕ್ಕೇ ಬರಬಹುದು. ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳ ಪಟ್ಟಿಯನ್ನು ಕನಿಷ್ಠ ಹತ್ತು ದಿನ ಮೊದಲೇ ತೋರಿಸಿ. ಹಿಂದಿನ ದಿನ ಹೇಳಿದರೆ ಕೆಲವಕ್ಕೆ ತಡವಾಗಿರುತ್ತದೆ.

ರಕ್ತ ತೆಳುವಾಗಿಸುವ ಮಾತ್ರೆಗಳಲ್ಲಿ ಆಸ್ಪಿರಿನ್‌ ಅನ್ನು ಸಾಮಾನ್ಯವಾಗಿ ನಿಲ್ಲಿಸಬೇಕಿಲ್ಲ. ದೊಡ್ಡ ಪಾಲಿಪ್ ತೆಗೆಯುವ ಯೋಚನೆಯಿದ್ದರೆ ವಾರ್ಫರಿನ್‌ ಅನ್ನು 5 ದಿನ ಮೊದಲು, ಕ್ಲೊಪಿಡೋಗ್ರೆಲ್‌ ಅನ್ನು 5ರಿಂದ 7 ದಿನ ಮೊದಲು, ಅಪಿಕ್ಸಬಾನ್, ರಿವರೋಕ್ಸಬಾನ್ ಜಾತಿಯವನ್ನು ಎರಡು ಮೂರು ದಿನ ಮೊದಲು ನಿಲ್ಲಿಸುವ ಪದ್ಧತಿಯಿದೆ. ಮೂತ್ರಪಿಂಡ ದುರ್ಬಲವಾಗಿದ್ದರೆ ಇನ್ನೂ ಮೊದಲು. ಬರೀ ನೋಡಿ ಬಯಾಪ್ಸಿ ತೆಗೆಯುವುದಾದರೆ ಇಷ್ಟೆಲ್ಲ ಬೇಕಾಗದು. ಆದರೆ ಈ ಅಂಕಿಗಳನ್ನು ಕೇಳಿ ನೀವೇ ನಿಲ್ಲಿಸಬೇಡಿ. ಹೃದಯದ ರಕ್ತನಾಳಕ್ಕೆ ಈಚೆಗೆ ಸ್ಟೆಂಟ್ ಹಾಕಿಸಿಕೊಂಡವರು ಕ್ಲೊಪಿಡೋಗ್ರೆಲ್ ಬಿಟ್ಟರೆ ಸ್ಟೆಂಟ್ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ಪಾಲಿಪ್‌ನ ರಕ್ತಸ್ರಾವವನ್ನು ಪುಟ್ಟ ಲೋಹದ ಕ್ಲಿಪ್ ಹಾಕಿ ನಿಲ್ಲಿಸಬಹುದು, ಮುಚ್ಚಿಹೋದ ಸ್ಟೆಂಟನ್ನು ಅಷ್ಟು ಸುಲಭವಾಗಿ ತೆರೆಯಲಾಗದು. ಹೃದಯದ ವೈದ್ಯರೂ ಎಂಡೋಸ್ಕೋಪಿ ವೈದ್ಯರೂ ಮಾತಾಡಿಕೊಂಡು ಬರೆದುಕೊಟ್ಟ ದಿನಾಂಕವೇ ಪ್ರಮಾಣ. ನಿಲ್ಲಿಸುವ ದಿನದ ಜೊತೆಗೆ ಮತ್ತೆ ಶುರುಮಾಡುವ ದಿನವನ್ನೂ ಬರೆಸಿಕೊಳ್ಳಿ. ಎಷ್ಟೋ ಜನ ನಿಲ್ಲಿಸಿದ ಮೇಲೆ ಮರೆತೇಬಿಡುತ್ತಾರೆ.

ಮಧುಮೇಹಿಗಳು ತಯಾರಿಯ ದಿನ ಊಟವಿಲ್ಲದೆ ಮಾಮೂಲಿ ಮಾತ್ರೆ ನುಂಗಿದರೆ ಸಕ್ಕರೆ ಕುಸಿಯುತ್ತದೆ. ಗ್ಲಿಮೆಪಿರೈಡ್ ಜಾತಿಯ ಮಾತ್ರೆಗಳು, ಊಟಕ್ಕೆ ಮುಂಚಿನ ಇನ್ಸುಲಿನ್ ಇದರಲ್ಲಿ ಮುಖ್ಯ. ಟೈಪ್ 1 ಇರುವವರು ದಿನವಿಡೀ ಕೆಲಸ ಮಾಡುವ ಇನ್ಸುಲಿನ್ನನ್ನು ಪೂರ್ತಿ ಬಿಡುವಂತಿಲ್ಲ, ಪ್ರಮಾಣ ಎಷ್ಟು ಇಳಿಸಬೇಕೆಂದು ಕೇಳಬೇಕು. ಅಷ್ಟಾಗಿ ಗೊತ್ತಿಲ್ಲದ ಒಂದು ವಿಷಯ: ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮುಂತಾದ, ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಮಾತ್ರೆಗಳನ್ನು ಸಾಮಾನ್ಯವಾಗಿ 3 ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಉಪವಾಸ ಮತ್ತು ಬೇಧಿಯ ಜೊತೆ ಅವು ಸೇರಿದರೆ ರಕ್ತದಲ್ಲಿ ಆಮ್ಲ ಏರುವ ಕೀಟೋಅಸಿಡೋಸಿಸ್ ಬರಬಹುದು, ಆಗ ಸಕ್ಕರೆಯ ಮಟ್ಟ ಹೆಚ್ಚೇನೂ ಏರಿರುವುದಿಲ್ಲವಾದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಹೃದಯ ಅಥವಾ ಮೂತ್ರಪಿಂಡಕ್ಕೆಂದು ಇದೇ ಮಾತ್ರೆ ತೆಗೆದುಕೊಳ್ಳುವವರು "ನನಗೆ ಶುಗರ್ ಇಲ್ಲವಲ್ಲ" ಎಂದು ಹೇಳದೆ ಬಿಡುತ್ತಾರೆ. ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದು ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತದೆ, ಅದನ್ನು ಅರಿವಳಿಕೆ ವೈದ್ಯರಿಗೆ ಹೇಳಲೇಬೇಕು.

ಬಿಪಿ ಮಾತ್ರೆಯನ್ನು ಸಾಮಾನ್ಯವಾಗಿ ಮುಂದುವರಿಸುತ್ತಾರೆ, ಆದರೆ ಮೂತ್ರ ಹೆಚ್ಚಿಸುವ ಮಾತ್ರೆ ಅಂದು ಬೇಕೋ ಬೇಡವೋ ಕೇಳಿಕೊಳ್ಳಿ. ದ್ರಾವಣ ಶುರುಮಾಡುವ ಮೊದಲಿನ ಒಂದು ಗಂಟೆಯಲ್ಲಿ ನುಂಗಿದ ಮಾತ್ರೆ ಕೊಚ್ಚಿಹೋಗಬಹುದು. ಫಿಟ್ಸ್ ಮಾತ್ರೆಯವರು ಇದನ್ನು ಗಮನಿಸಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು ಬೇರೆ ರಕ್ಷಣೆಯನ್ನೂ ಬಳಸಬೇಕು. ಪೇಸ್‌ಮೇಕರ್ ಇದೆಯೇ, ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆಯಿದೆಯೇ, ಗರ್ಭಿಣಿಯೇ, ಹಿಂದೆ ಅರಿವಳಿಕೆಯಲ್ಲಿ ತೊಂದರೆಯಾಗಿತ್ತೇ ಎಂಬುದನ್ನೂ ಕೇಳದಿದ್ದರೂ ಹೇಳಿ.

ಆ ಕೋಣೆಯಲ್ಲಿ

ಈಗ ನೋವಿನ ಪ್ರಶ್ನೆ. ಮಿಡಜೋಲಾಮ್ ಮತ್ತು ಫೆಂಟಾನಿಲ್ ಕೊಟ್ಟರೆ ಮಂಪರು ಬರುತ್ತದೆ, ಕರೆದರೆ ಓಗೊಡುತ್ತೀರಿ, ಆಮೇಲೆ ಹೆಚ್ಚೇನೂ ನೆನಪಿರುವುದಿಲ್ಲ. ಪ್ರೊಪೊಫಾಲ್ ಕೊಟ್ಟರೆ ಗಾಢ ನಿದ್ದೆ, ಅದಕ್ಕೆ ಉಸಿರಾಟವನ್ನೇ ನೋಡಿಕೊಳ್ಳುವ ಇನ್ನೊಬ್ಬರು ಬೇಕು. ಏನೂ ಇಲ್ಲದೆ ಮಾಡಿಸಿಕೊಳ್ಳುವವರೂ ಇದ್ದಾರೆ, ಎದ್ದು ತಾವೇ ಮನೆಗೆ ಹೋಗುತ್ತಾರೆ. ನೋವು ಬರುವುದು ಕೊಳವೆ ಚುಚ್ಚಿ ಅಲ್ಲ. ಎಡಭಾಗದ ಸಿಗ್ಮಾಯ್ಡ್ ಎಂಬ ಬಳುಕುವ ಭಾಗದಲ್ಲಿ ಕೊಳವೆ ಸುತ್ತಿ ಕುಣಿಕೆಯಾದಾಗ ಕರುಳನ್ನು ಹಿಡಿದ ಪೊರೆ ಎಳೆಯಲ್ಪಡುತ್ತದೆ, ಆ ಎಳೆತವೇ ನೋವು. ಸಣಕಲು ಮೈಯವರಲ್ಲಿ, ಗರ್ಭಕೋಶದ ಶಸ್ತ್ರಚಿಕಿತ್ಸೆ ಆದವರಲ್ಲಿ ಈ ತಿರುವು ಹೆಚ್ಚು ಕಷ್ಟ. ಕೊಳವೆಯನ್ನು ಹಿಂದಕ್ಕೆಳೆದು ನೇರ ಮಾಡುತ್ತಾರೆ, ನರ್ಸ್ ಹೊಟ್ಟೆ ಒತ್ತಿ ಹಿಡಿಯುತ್ತಾರೆ, ಮಗ್ಗುಲು ಬದಲಿಸಲು ಹೇಳುತ್ತಾರೆ. ಕರುಳನ್ನು ಹಿಗ್ಗಿಸಲು ಗಾಳಿಯ ಬದಲು ಇಂಗಾಲದ ಡೈಆಕ್ಸೈಡ್ ಬಳಸಿದರೆ ಅದು ಬೇಗ ಹೀರಿಹೋಗಿ ಆಮೇಲಿನ ಹೊಟ್ಟೆಯುಬ್ಬರ ಬಹಳ ಕಡಿಮೆ.

ಸಂಕೋಚದ ಮಾತು: ಎಡಮಗ್ಗುಲಿಗೆ ಮಲಗಿ ಮಂಡಿ ಮಡಚಿಕೊಂಡಿರುತ್ತೀರಿ, ಮೇಲೆ ಹೊದಿಕೆ ಇರುತ್ತದೆ, ಹಲವು ಕಡೆ ಹಿಂದೆ ತೆರಪಿರುವ ಚಡ್ಡಿ ಕೊಡುತ್ತಾರೆ. ನಡುವೆ ಗಾಳಿ ಹೋಗುತ್ತದೆ, ನೀರೂ ಸೋರಬಹುದು. ಅದನ್ನು ತಡೆಹಿಡಿಯಬೇಡಿ, ಕೋಣೆಯಲ್ಲಿರುವವರಿಗೆ ಅದು ಲೆಕ್ಕಕ್ಕೇ ಇಲ್ಲ. ನೋಡುತ್ತಿರುವುದೆಲ್ಲ ಪರದೆಯನ್ನು.

ಒಟ್ಟು ಅರ್ಧ ಗಂಟೆಯ ಆಚೀಚೆ. ಪಾಲಿಪ್ ಕಂಡರೆ ಸಾಧಾರಣವಾಗಿ ಅಲ್ಲೇ ತೆಗೆಯುತ್ತಾರೆ, ಅದಕ್ಕೆ ಒಪ್ಪಿಗೆಯನ್ನು ಮೊದಲೇ ಸಹಿ ಮಾಡಿಸಿಕೊಂಡಿರುತ್ತಾರೆ. 10 ಮಿಲಿಮೀಟರಿಗಿಂತ ಸಣ್ಣವನ್ನು ವಿದ್ಯುತ್ ಇಲ್ಲದೆ ಬರೀ ತಂತಿಯ ಕುಣಿಕೆ ಬಿಗಿದು ಕತ್ತರಿಸುವುದು ಈಗಿನ ರೂಢಿ. ಕರುಳಿನ ಒಳಪದರಕ್ಕೆ ಕತ್ತರಿಸಿದ ನೋವು ಗೊತ್ತಾಗುವುದಿಲ್ಲ. ದೊಡ್ಡವಕ್ಕೆ ಅಡಿಯಲ್ಲಿ ದ್ರವ ಚುಚ್ಚಿ ಉಬ್ಬಿಸಿ ತೆಗೆಯುತ್ತಾರೆ, ಕೆಲವೊಮ್ಮೆ ಇನ್ನೊಂದು ದಿನ ಕರೆಯುತ್ತಾರೆ.

ಅಪಾಯ ಎಷ್ಟು? ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆ 2021ರಲ್ಲಿ ಒಟ್ಟುಗೂಡಿಸಿದ ಲೆಕ್ಕದಂತೆ, ರೋಗಲಕ್ಷಣವಿಲ್ಲದವರ 10,000 ಕೊಲೊನೋಸ್ಕೋಪಿಗಳಲ್ಲಿ ಕರುಳು ತೂತಾಗುವುದು ಸುಮಾರು 3 ಜನರಿಗೆ, ದೊಡ್ಡ ರಕ್ತಸ್ರಾವ ಸುಮಾರು 15 ಜನರಿಗೆ. ದೊಡ್ಡ ಪಾಲಿಪ್ ತೆಗೆದಾಗ ಇದು ಏರುತ್ತದೆ. ಇನ್ನೊಂದು ಕಡೆಯ ಲೆಕ್ಕವನ್ನೂ ಹೇಳಬೇಕು: ಒಬ್ಬರಿಗೇ ಬೆನ್ನುಬೆನ್ನಿಗೆ ಎರಡು ಸಲ ಮಾಡಿ ನೋಡಿದ ಅಧ್ಯಯನಗಳಲ್ಲಿ ಮೊದಲ ಸಲ ಸುಮಾರು ನಾಲ್ಕರಲ್ಲಿ ಒಂದು ಅಡಿನೋಮಾ ಕಣ್ತಪ್ಪಿತ್ತು, ಹೆಚ್ಚಿನವು ಸಣ್ಣವು. ಅಡಿನೋಮಾ ಎಂದರೆ ವರ್ಷಗಳ ಮೇಲೆ ಕ್ಯಾನ್ಸರಿಗೆ ತಿರುಗಬಲ್ಲ ಜಾತಿಯ ಪಾಲಿಪ್. ಹಾಗಾಗಿ ಯಾರು, ಹೇಗೆ ನೋಡುತ್ತಾರೆ ಎನ್ನುವುದು ಮುಖ್ಯ. ಕೇಳಲು ಹಿಂಜರಿಯಬೇಡಿ: ಕೊಳವೆ ಹಿಂದಕ್ಕೆ ತೆಗೆಯಲು ಎಷ್ಟು ಹೊತ್ತು ಕೊಡುತ್ತೀರಿ? ಬಹುಕಾಲ ಕನಿಷ್ಠ 6 ನಿಮಿಷ ಎಂದಿತ್ತು, 2024ರ ಅಮೆರಿಕದ ಗುಣಮಟ್ಟದ ಮಾನದಂಡ ಅದನ್ನು 8ಕ್ಕೆ ಏರಿಸಿತು. ನಿಮ್ಮ ಅಡಿನೋಮಾ ಪತ್ತೆ ಪ್ರಮಾಣ ಎಷ್ಟು, ಅಂದರೆ ನೂರು ಜನರನ್ನು ನೋಡಿದರೆ ಎಷ್ಟು ಜನರಲ್ಲಿ ಅಡಿನೋಮಾ ಸಿಗುತ್ತದೆ? ಅದೇ ಮಾನದಂಡದಲ್ಲಿ ಇದು 45 ವರ್ಷ ದಾಟಿದವರಲ್ಲಿ ಶೇಕಡ 35 ಅಥವಾ ಮೇಲು. ಎಲ್ಲ ಕಡೆಯೂ ಈ ಲೆಕ್ಕ ಇಡುವುದಿಲ್ಲ. ಇಟ್ಟು, ಕೇಳಿದಾಗ ಹೇಳುವವರು ಸಿಕ್ಕರೆ ಅದು ಒಳ್ಳೆಯ ಲಕ್ಷಣ.

ಮಂಪರು ಪಡೆದವರು 24 ಗಂಟೆ ವಾಹನ ಓಡಿಸಬಾರದು, ಕಾಗದಪತ್ರಕ್ಕೆ ಸಹಿ ಹಾಕಬಾರದು. ಜೊತೆಗೊಬ್ಬ ವಯಸ್ಕರು ಬೇಕೇ ಬೇಕು, ಇಲ್ಲದಿದ್ದರೆ ಹಲವು ಕಡೆ ಪರೀಕ್ಷೆಯನ್ನೇ ಮಾಡುವುದಿಲ್ಲ. ವೈದ್ಯರು ಹೇಳಿದ್ದು ನಿಮಗೆ ನೆನಪಿರುವುದಿಲ್ಲವಾದ್ದರಿಂದ ಬರಹದ ವರದಿ ಕೇಳಿ ಪಡೆಯಿರಿ. ಅದರಲ್ಲಿ ಮೂರು ಇವೆಯೇ ನೋಡಿ: ಸೀಕಮ್ ತಲುಪಿದರೇ, ಶುಚಿ ಎಷ್ಟಿತ್ತು, ಮುಂದಿನ ಪರೀಕ್ಷೆ ಯಾವಾಗ. ಶುಚಿಗೆ ಬಾಸ್ಟನ್ ಅಂಕ ಎಂಬುದನ್ನು ಬರೆಯುತ್ತಾರೆ. ಮೂರು ಭಾಗಕ್ಕೆ ತಲಾ 0ಯಿಂದ 3, ಒಟ್ಟು 9. ಪ್ರತಿ ಭಾಗಕ್ಕೂ 2 ಅಥವಾ ಮೇಲಿದ್ದರೆ ಸಾಕು. ಒಂದು ಭಾಗಕ್ಕೆ 1 ಬಂದಿದ್ದರೆ "ಎಲ್ಲ ನಾರ್ಮಲ್" ಎಂಬ ಮಾತನ್ನು ಪೂರ್ತಿ ನಂಬಿ ಕೂರಬೇಡಿ, ಸಾಮಾನ್ಯವಾಗಿ ಒಂದು ವರ್ಷದೊಳಗೆ ಮತ್ತೆ ಮಾಡಿಸಬೇಕಾಗುತ್ತದೆ.

ಮನೆಗೆ ಬಂದ ಮೇಲೆ ಹೊಟ್ಟೆಯುಬ್ಬರ, ಸಣ್ಣ ಹಿಂಡುವಿಕೆ, ಒರೆಸಿದಾಗ ಒಂದಿಷ್ಟು ರಕ್ತದ ಗುರುತು ಸಹಜ. ಎರಡು ಮೂರು ದಿನ ಮಲ ಬರದಿದ್ದರೂ ಸಹಜ, ಕರುಳು ಖಾಲಿಯಿದೆ. ಹೊಟ್ಟೆನೋವು ಇಳಿಯುವ ಬದಲು ಏರುತ್ತಿದ್ದರೆ, ಹೊಟ್ಟೆ ಹಲಗೆಯಂತೆ ಬಿಗಿದರೆ, 38 ಡಿಗ್ರಿ ಸೆಲ್ಸಿಯಸ್ ದಾಟಿ ಜ್ವರ ಬಂದರೆ, ರಕ್ತ ಗೆಡ್ಡೆಗೆಡ್ಡೆಯಾಗಿ ಅಥವಾ ಮತ್ತೆ ಮತ್ತೆ ಹೋದರೆ ಬೆಳಗಾಗಲಿ ಎಂದು ಕಾಯದೆ ತುರ್ತು ವಿಭಾಗಕ್ಕೆ ಹೋಗಿ, ಕೊಲೊನೋಸ್ಕೋಪಿ ಆಗಿದೆ ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿ. ಪಾಲಿಪ್ ತೆಗೆದ ಜಾಗದ ರಕ್ತಸ್ರಾವ 14 ದಿನದವರೆಗೂ ಬರಬಹುದು.

ಸಭಿಕರ ಪ್ರಶ್ನೆಗಳು

*ಮುಟ್ಟಾಗಿದ್ದರೆ ಮುಂದೂಡಬೇಕೇ? ಪೈಲ್ಸ್ ಇದ್ದರೆ?*

ಎರಡಕ್ಕೂ ಮುಂದೂಡಬೇಕಿಲ್ಲ. ಟ್ಯಾಂಪೂನ್ ಬಳಸಬಹುದು. ಪೈಲ್ಸ್ ನೋಯುತ್ತಿದ್ದರೆ ಮೊದಲೇ ಹೇಳಿ, ಮರಗಟ್ಟಿಸುವ ಜೆಲ್ ಹಚ್ಚುತ್ತಾರೆ. ಒಂದು ಮಾತು ಸೇರಿಸುತ್ತೇನೆ: ಮಲದಲ್ಲಿ ರಕ್ತ ಕಂಡಾಗ "ಪೈಲ್ಸ್ ಇರಬೇಕು" ಎಂದು ತಾವೇ ತೀರ್ಮಾನಿಸಿಕೊಂಡು ವರ್ಷಗಟ್ಟಲೆ ತಳ್ಳುವುದು ತಪ್ಪು. ಪೈಲ್ಸ್ ಇದ್ದವರಿಗೂ ಮೇಲೆ ಇನ್ನೊಂದು ಕಾರಣ ಇರಬಹುದು.

*ಇದರ ಬದಲು ಮಲಪರೀಕ್ಷೆ ಸಾಲದೇ?*

ಲಕ್ಷಣಗಳಿಲ್ಲದ, ಮನೆತನದಲ್ಲಿ ಕಾಯಿಲೆಯಿಲ್ಲದವರಿಗೆ ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಹುಡುಕುವ ಫಿಟ್ (FIT) ಎಂಬ ಪರೀಕ್ಷೆ ಒಳ್ಳೆಯ ಮೊದಲ ಹೆಜ್ಜೆ. ಬೇಧಿ ಬೇಡ, ಉಪವಾಸ ಬೇಡ, ಸಾಮಾನ್ಯವಾಗಿ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ. ಅದು ಪಾಸಿಟಿವ್ ಬಂದರೆ ಕೊಲೊನೋಸ್ಕೋಪಿ ಆಗಲೇಬೇಕು. ಇನ್ನೊಂದು ಸಲ ಮಲಪರೀಕ್ಷೆ ಮಾಡಿಸಿ ನೆಗೆಟಿವ್ ಬಂತೆಂದು ಸುಮ್ಮನಾಗುವಂತಿಲ್ಲ. ಕೊಲೊನೋಸ್ಕೋಪಿಯಿಂದ ಎಷ್ಟು ಲಾಭ ಎಂಬುದರ ಬಗ್ಗೆ 2022ರಲ್ಲಿ ಬಂದ ನಾರ್ಡಿಕ್ ಅಧ್ಯಯನವನ್ನು ಕೆಲವರು ಎತ್ತುತ್ತಾರೆ. ಅಲ್ಲಿ ಪರೀಕ್ಷೆಗೆ ಆಹ್ವಾನಿಸಿದವರಲ್ಲಿ ಹತ್ತು ವರ್ಷದಲ್ಲಿ ಕರುಳಿನ ಕ್ಯಾನ್ಸರ್ ಬಂದದ್ದು ಶೇಕಡ 0.98, ಆಹ್ವಾನಿಸದವರಲ್ಲಿ 1.20. ವ್ಯತ್ಯಾಸ ಸಣ್ಣದು ಎನ್ನಿಸುತ್ತದೆ, ಆದರೆ ಆಹ್ವಾನಿಸಿದವರಲ್ಲಿ ಬಂದು ಮಾಡಿಸಿಕೊಂಡವರು ಶೇಕಡ 42 ಮಾತ್ರ.

*ಏನೂ ಇಲ್ಲ ಎಂದರೆ ಮತ್ತೆ ಯಾವಾಗ?*

ಶುಚಿ ಚೆನ್ನಾಗಿದ್ದು, ಕೊನೆಯವರೆಗೆ ನೋಡಿ, ಏನೂ ಸಿಗದಿದ್ದರೆ ಸಾಮಾನ್ಯರಿಗೆ 10 ವರ್ಷ. ಒಂದೆರಡು ಸಣ್ಣ ಅಡಿನೋಮಾ ತೆಗೆದಿದ್ದರೆ ಅಮೆರಿಕದಲ್ಲಿ 7ರಿಂದ 10 ವರ್ಷ ಎನ್ನುತ್ತಾರೆ. 10 ಮಿಲಿಮೀಟರ್ ಅಥವಾ ದೊಡ್ಡದಿದ್ದರೆ, ಐದರಿಂದ ಹತ್ತು ಇದ್ದರೆ 3 ವರ್ಷ. ತೀರಾ ದೊಡ್ಡದನ್ನು ಚೂರುಚೂರಾಗಿ ತೆಗೆದಿದ್ದರೆ 6 ತಿಂಗಳಿಗೇ ಆ ಜಾಗವನ್ನು ಮತ್ತೆ ನೋಡುತ್ತಾರೆ. ಅಂತಿಮ ದಿನಾಂಕ ಬಯಾಪ್ಸಿ ವರದಿ ಬಂದ ಮೇಲೆ ತಾನೇ ಗೊತ್ತಾಗುವುದು, ಅದನ್ನು ಪಡೆಯದೆ ಬಿಡಬೇಡಿ.

*ಮುಂದಿನ ವಾರ ಪ್ರಯಾಣವಿದೆ, ಹೋಗಬಹುದೇ?*

ಬರೀ ನೋಡಿದ್ದರೆ, ಅಥವಾ ಚಿಮಟದಲ್ಲಿ ಚೂರು ತೆಗೆದಿದ್ದರೆ ತೊಂದರೆಯಿಲ್ಲ. ದೊಡ್ಡ ಪಾಲಿಪ್ ತೆಗೆದಿದ್ದರೆ ಎರಡು ವಾರ ಆಸ್ಪತ್ರೆ ಕೈಗೆಟುಕದ ಜಾಗಕ್ಕೆ ಹೋಗದಿರುವುದು ಒಳ್ಳೆಯದು. ಕ್ಲಿಪ್ ಹಾಕಿದ್ದರೆ ಆ ಸಂಗತಿ ಇರುವ ಚೀಟಿ ನಿಮ್ಮ ಬಳಿ ಇರಲಿ. ಅಷ್ಟರಲ್ಲಿ ಬೇರೆ ಯಾವುದಕ್ಕೋ ಎಂಆರ್‌ಐ ಮಾಡಿಸಬೇಕಾಗಿ ಬಂದರೆ ಅಲ್ಲಿನವರಿಗೆ ತೋರಿಸಬೇಕು. ಎಲ್ಲ ಕ್ಲಿಪ್‌ಗಳೂ ಆ ಯಂತ್ರಕ್ಕೆ ಸಲ್ಲುವುದಿಲ್ಲ, ಉದುರಿಹೋಯಿತೇ ಎಂದು ನೋಡಲು ಒಮ್ಮೆ ಎಕ್ಸ್‌ರೇ ತೆಗೆಸಬೇಕಾಗಬಹುದು.